ಸೋರುವ ವ್ಯಾನಿನ ಯಜಮಾನರು

ಮೋಟಾರು ವಿಮೆಯ ಕ್ಲೇಮು ವಿಭಾಗದಲ್ಲಿ ವರ್ಷಗಟ್ಟಲೆ ಕೂತವರಿಗೆ ಗಾಡಿಗಳ ಮೇಲೆ ಮೋಹ ಉಳಿಯುವುದಿಲ್ಲ. ಬೆಂಗಳೂರು ದಂಡಿನ ಕಡೆಯ ನಮ್ಮ ಶಾಖೆಯಲ್ಲಿ ನಾನು ಮಾಡುತ್ತಿದ್ದದ್ದು ಅದೇ ಕೆಲಸ. ನನ್ನ ಮೇಜಿಗೆ ಬಂದ ಅರ್ಜಿಗಳ ಪ್ರಕಾರ ಗಾಡಿಗಳೆಲ್ಲ ರಸ್ತೆಯ ಬದಿಯಲ್ಲಿ ತಮ್ಮ ಪಾಡಿಗೆ ತಾವು ನಿಂತಿದ್ದವು. ಯಾರೋ ಬಂದು ಗುದ್ದಿ ಹೋಗಿದ್ದರು. ಗುದ್ದಿದವರು ಯಾವತ್ತೂ ಸಿಕ್ಕಿರಲಿಲ್ಲ. ಇದನ್ನೇ ಓದಿ ಓದಿ ಗಾಡಿ ಇಟ್ಟುಕೊಂಡವರ ಮೇಲೂ ನನಗೆ ಅಷ್ಟಾಗಿ ನಂಬಿಕೆ ಇರಲಿಲ್ಲ. ಅಂಥವಳು ಐವತ್ತರ ಹತ್ತಿರ ಬಂದಾಗ ಒಂದು ಹಳೆಯ ವ್ಯಾನು ಕೊಂಡೆ. ಕೊಂಡದ್ದಕ್ಕೆ ಕಾರಣ ಅದರ ಎಂಜಿನ್ನಲ್ಲ, ಬಣ್ಣವಲ್ಲ, ಹಿಂಭಾಗದ ಮೂಲೆಯಲ್ಲಿದ್ದ ಒಂದು ಕಮೋಡು.

ಅದನ್ನು ಮೊದಲು ನೋಡಿದ್ದು ಫೋಟೋದಲ್ಲಿ. ಕಾಕ್ಸ್ ಟೌನಿನ ವಯಸ್ಸಾದ ಹೆಂಗಸೊಬ್ಬರ ವ್ಯಾನಿಗೆ, ಎಂದಿನಂತೆ ನಿಂತಲ್ಲೇ, ಯಾರೋ ಗುದ್ದಿದ್ದರು. ನಷ್ಟ ಅಳೆಯುವ ಸರ್ವೇಯರು ತೆಗೆದ ಫೋಟೋಗಳಲ್ಲಿ ಒಂದು, ಅವರ ಕುತೂಹಲಕ್ಕೋ ಏನೋ, ವ್ಯಾನಿನ ಒಳಗಿನದು. ಕಾಲು ಚಾಚಿ ಮಲಗುವಷ್ಟು ಉದ್ದದ ಮಂಚ, ಪುಟ್ಟ ಸಿಂಕು, ಎರಡು ಉರಿಯ ಒಲೆ, ಕಿಟಕಿಗಳಿಗೆ ಹೂವಿನ ಪರದೆ. ಹಿಂದೆ ಬಾಗಿಲಿದ್ದ ಒಂದು ಗೂಡು, ನಮ್ಮ ದೇವರ ಮನೆಯಷ್ಟೇ ಅಗಲದ್ದು, ಅದರೊಳಗೆ ಮುಚ್ಚಳದ ಕಮೋಡು. ಆಕೆಯ ಗಂಡ ಬದುಕಿದ್ದಾಗ ಬಡಗಿಯನ್ನು ಕರೆಸಿ, ತಾವೇ ಎದುರು ನಿಂತು ಮಾಡಿಸಿದ್ದಂತೆ. ಬೇಸಿಗೆಯಲ್ಲಿ ಇಬ್ಬರೂ ಅದರಲ್ಲೇ ಸಮುದ್ರ ನೋಡಲು ಹೋಗುತ್ತಿದ್ದರಂತೆ. ಆ ಫೋಟೋವನ್ನು ನಾನು ಎಷ್ಟು ಹೊತ್ತು ನೋಡಿದೆನೆಂದರೆ ಪಕ್ಕದ ಮೇಜಿನವರು, "ಏನ್ರೀ ಮೇಡಂ, ಫ್ರಾಡಾ?" ಎಂದು ಕೇಳಿದರು.

ನಮ್ಮ ಯಜಮಾನರು ಸರ್ಕಾರಿ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿದ್ದವರು. ಕರುಳಿನ ಕಾಯಿಲೆಗೆ ಆಪರೇಷನ್ ಆಗಿ, ಹೊಟ್ಟೆಯ ಎಡಕ್ಕೆ ಮಲ ಹೊರಬರುವ ದಾರಿ ಮಾಡಿ, ಅದಕ್ಕೊಂದು ಚೀಲ ಅಂಟಿಸಿ ಕಳಿಸಿದ್ದರು. ಜೀವ ಉಳಿಯಿತು. ಇನ್ನು ಎಲ್ಲ ಕೆಲಸ ಮಾಡಬಹುದು, ಎಲ್ಲಿಗೆ ಬೇಕಾದರೂ ಹೋಗಬಹುದು ಎಂದರು ಡಾಕ್ಟರು. ಇವರು ಅದನ್ನು ನಂಬಿ ಒಂದು ದಿನ ಶಿವಾಜಿನಗರದ ಬಸ್ಸು ಹತ್ತಿದರು. ಹಲಸೂರಿನ ಹತ್ತಿರ ನೂಕುನುಗ್ಗಲಿನಲ್ಲಿ ಚೀಲದ ಅಂಚು ಬಿಟ್ಟುಕೊಂಡಿತು. ಸುತ್ತ ನಿಂತವರು ಮೂಗು ಮುಚ್ಚಿಕೊಂಡು ಸರಿದರು. ಹಿಂದಿನಿಂದ ಯಾರೋ, "ಯಾರ್ದಮ್ಮಾ ಮಗು? ನೋಡ್ಕೊಳ್ಳೋಕಾಗಲ್ವಾ?" ಎಂದು ಗದರಿದರಂತೆ. ಇವರು ಅಲ್ಲೇ ಇಳಿದು ಜೀವನ್ ಬಿಮಾ ನಗರದ ನಮ್ಮ ಮನೆಯವರೆಗೆ ನಡೆದು ಬಂದರು. ಅಲ್ಲಿಗೆ ಮುಗಿಯಿತು. ಸ್ವಯಂ ನಿವೃತ್ತಿ ತೆಗೆದುಕೊಂಡರು. ಬೀದಿ ಕೊನೆಯ ಹಾಲಿನ ಬೂತಿನಿಂದ ಆಚೆಗೆ ಹೋಗುವುದೇ ನಿಂತಿತು.

ಅದರಿಂದ ನನಗೇನೂ ದೊಡ್ಡ ತೊಂದರೆಯಿರಲಿಲ್ಲ, ಒಂದು ವಿಷಯ ಬಿಟ್ಟರೆ. ಕೋಲಾರದಿಂದ ಸ್ವಲ್ಪ ಈಚೆಗಿನ ಒಂದು ಊರಿನಲ್ಲಿ ಇವರ ಅಕ್ಕ ಇದ್ದರು. ತಂದೆ ತಾಯಿ ಹೋದ ಮೇಲೆ ಆಕೆಗೆ ತವರು ಅಂದರೆ ಇವರೊಬ್ಬರೇ. ಪ್ರತಿ ಗೌರಿ ಹಬ್ಬಕ್ಕೂ ಮೊರದ ಬಾಗಿನ ಹಿಡಿದುಕೊಂಡು ತಾವೇ ಹೋಗಿ, ಕೊಟ್ಟು, ಒಬ್ಬಟ್ಟಿನ ಊಟ ಮಾಡಿ ಬರುತ್ತಿದ್ದರು; ನಾನು ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಈಗ ಮೂರು ಹಬ್ಬ ಬರೀ ಮನಿಯಾರ್ಡರಿನಲ್ಲಿ ಕಳೆದಿದ್ದವು. ಅಕ್ಕನಿಗೆ 'ಹೊಟ್ಟೆ ಆಪರೇಷನ್' ಎಂದಷ್ಟೇ ಹೇಳಿದ್ದರು. ಚೀಲದ ವಿಷಯ ಬಾಯಿ ಬಿಡಕೂಡದೆಂದು ನನಗೂ ಕಟ್ಟಪ್ಪಣೆ. ಟ್ಯಾಕ್ಸಿ ಮಾಡೋಣ ಎಂದರೆ, "ಬೇರೆಯವ್ರ ಗಾಡಿ ಸೀಟ್ ಹಾಳಾದ್ರೆ?" ಎನ್ನುವರು. ಅಕ್ಕನ ಮನೆಯ ಕಕ್ಕಸು ಹಿತ್ತಲ ಆ ತುದಿಗೆ. ಹಬ್ಬದ ದಿನ ಕೂತ ನೆಂಟರ ಮುಂದೆಯೇ ಹಾದು ಹೋಗಬೇಕು, ಮತ್ತೆ ಮತ್ತೆ ಹೋದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಮೂರನೆಯ ಹಬ್ಬದ ಬೆಳಿಗ್ಗೆ ಇವರು ಇಸ್ತ್ರಿ ಶರ್ಟು ಹಾಕಿಕೊಂಡು ಗೇಟಿನ ತನಕ ಹೋಗಿ, ವಾಪಸು ಬಂದು, ಶರ್ಟು ಬಿಚ್ಚಿ ಮಡಿಸಿಟ್ಟರು. ಅದನ್ನು ನೋಡಿ ನನಗೆ ತಡೆಯಲಾರದ ಸಂಕಟವಾಯಿತು.

ಹಾಗಾಗಿ ಆ ಫೋಟೋ. ಕ್ಲೇಮು ಪೂರ್ತಿ ಇತ್ಯರ್ಥವಾದ ಮೇಲೆಯೇ ಕಾಕ್ಸ್ ಟೌನಿಗೆ ಹೋದೆ. ಆ ಮಟ್ಟಿಗೆ ನನ್ನದು ಶುದ್ಧ ಹಸ್ತ. ಆ ಹೆಂಗಸು ವ್ಯಾನಿನ ಬಾನೆಟ್ಟನ್ನು ಸೆರಗಿಲ್ಲದ ಗೌನಿನ ತುದಿಯಿಂದಲೇ ಒರೆಸುತ್ತ, "ಎಂಜಿನ್ ಫಸ್ಟ್ ಕ್ಲಾಸ್ ಮಾ. ಮಳೇಲಿ ಮಾತ್ರ ಆಚೆ ತೆಗೀಬೇಡಿ. ಮಳೆ ಅದಕ್ಕೆ ಆಗ್‌ಬರಲ್ಲ" ಎಂದರು. ಗಂಡನ ನೆನಪಿಗೆ ಗಾಡಿಯನ್ನೂ ಮಗುವಿನಂತೆ ಕಾಣುತ್ತಿದ್ದಾರೆ ಎಂದುಕೊಂಡೆ. ಅದು ಫೆಬ್ರವರಿ, ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಜನ ಬರೆದುಕೊಟ್ಟ ಅರ್ಧಸತ್ಯಗಳನ್ನೇ ಕೆದಕುತ್ತ ಬದುಕಿದ ನಾನು ಆ ಮಾತನ್ನು ಕೆದಕದೆ ಬಿಟ್ಟೆ.

ವ್ಯಾನು ಮನೆ ಮುಂದೆ ಬಂದು ನಿಂತ ದಿನ ಪೂಜೆಯ ಜಗಳವಾಯಿತು. ಗಾಡಿಯೆಂದರೆ ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟರೆ ಮುಗಿಯಿತು ಎಂದು ನಾನು. "ಒಲೆ ಇದೆ, ಮಂಚ ಇದೆ. ಇದು ಮನೆ ಕಣೇ. ಹಾಲುಕ್ಕಿಸ್ಬೇಕು" ಎಂದು ಇವರು. ಕೊನೆಗೆ ಮುಂಭಾಗವನ್ನು ಗಾಡಿಯೆಂದೂ ಹಿಂಭಾಗವನ್ನು ಮನೆಯೆಂದೂ ತೀರ್ಮಾನಿಸಿ ಎರಡನ್ನೂ ಮಾಡಿದೆವು. ಹಾಲು ಶಾಸ್ತ್ರೋಕ್ತವಾಗಿ ಉಕ್ಕಿ, ಬರ್ನರಿನ ತೂತುಗಳಿಗೆ ಇಳಿದು, ಅಲ್ಲಿಂದ ಹಲಗೆಯ ಸಂದಿಗೆ ಸೇರಿಕೊಂಡಿತು. ಒಂದು ತಿಂಗಳು ವ್ಯಾನು ಹುಳಿ ಮೊಸರಿನ ವಾಸನೆ ಹೊಡೆಯಿತು. ಇವರು ಒಲೆ ಬಿಚ್ಚಿ, ಹಲಗೆ ಎತ್ತಿ, ಸೋಡಾಪುಡಿ ಹಾಕಿ ಉಜ್ಜಿದರು. ಆಪರೇಷನ್ ಆದ ಮೇಲೆ ಅವರು ಸ್ಕ್ರೂಡ್ರೈವರ್ ಹಿಡಿದದ್ದು ಅದೇ ಮೊದಲು.

ಇಲ್ಲಿ ಒಂದು ಮಾತು ಹೇಳಬೇಕು. ನಾವಿಬ್ಬರೇ ಇದ್ದ ಆ ಮನೆಯಲ್ಲಿ, ಬಸ್ಸಿನ ಆ ದಿನದಿಂದ, 'ಸೋರುವುದು', 'ಲೀಕು' ಎಂಬ ಪದಗಳು ಹೊರಟುಹೋಗಿದ್ದವು. ಹೀಗೆ ಮಾಡೋಣವೆಂದು ಕೂತು ಮಾತಾಡಿದ್ದಲ್ಲ. ನಲ್ಲಿ ತೊಟ್ಟಿಕ್ಕಿದರೆ 'ನಲ್ಲಿ ಸರಿಯಿಲ್ಲ' ಎನ್ನುತ್ತಿದ್ದೆವು. ಕುಕ್ಕರಿನ ಪಕ್ಕದಿಂದ ಆವಿ ಬಂದರೆ 'ಗ್ಯಾಸ್ಕೆಟ್ ಹಳೇದಾಯ್ತು'. ನಗಬಾರದು, ಸೋರೆಕಾಯಿ ತರುವುದನ್ನು ಕೂಡ ನಾನು ಬಿಟ್ಟಿದ್ದೆ. ಇವರು ಅದನ್ನು ಕೇಳಲೂ ಇಲ್ಲ.

ಮೇ ತಿಂಗಳ ಮೊದಲ ಮಳೆ ಬಂತು. ಬೆಳಿಗ್ಗೆ ವ್ಯಾನಿನ ಬಾಗಿಲು ತೆಗೆದರೆ ಹಾಸಿಗೆ ಹಿಂಡುವಷ್ಟು ನೆನೆದಿತ್ತು, ಸಿಂಕಿನ ತುಂಬ ಕಂದು ನೀರು, ಪರದೆಯ ಹೂವುಗಳ ಬಣ್ಣವೆಲ್ಲ ದಿಂಬಿಗೆ ಇಳಿದಿತ್ತು. "ರೀ, ಹಾಸಿಗೆ ಒದ್ದೆ ಆಗಿದೆ" ಎಂದೆ. "ಹೆಂಗೆ?" ಎಂದರು. "ಮೇಲಿಂದ ನೀರು... ಬಂದಿದೆ" ಎಂದೆ. ಇಬ್ಬರೂ ಸೇರಿ ಹಾಸಿಗೆಯನ್ನು ಹೊರಗೆಳೆದೆವು.

ಹಲಸೂರು ಕೆರೆಯ ಹಿಂದೆ ಗ್ಯಾರೇಜಿದ್ದ ಒಬ್ಬ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿದೆ. ಎಲ್ಲರೂ ಅವನನ್ನು ಭಾಯ್ ಎನ್ನುತ್ತಿದ್ದರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಗಂಟಲು. ವ್ಯಾನಿನ ಕೆಳಗೆ ನುಸುಳಿ, ಮೇಲೆ ಹತ್ತಿ, ಕಿಟಕಿ ಗುದ್ದಿ ನೋಡಿ, ಇಡೀ ಬೀದಿಗೆ ಕೇಳುವಂತೆ ವರದಿ ಒಪ್ಪಿಸಿದ: "ಸಾರ್! ಇದು ಪೂರಾ ಲೀಕು! ಟಾಪ್ ಲೀಕು, ಗ್ಲಾಸ್ ಲೀಕು, ರೇಡಿಯೇಟರ್ ಲೀಕು. ಗೇರ್‌ಬಾಕ್ಸಿಂದಾನೂ ಸೋರ್ತಾ ಐತೆ!"

ಗೇಟಿನ ಹತ್ತಿರ ನಿಂತಿದ್ದ ಇವರ ಮುಖ ನೋಡಿದೆ. ಮುಖ ಕಪ್ಪಿಟ್ಟಿತ್ತು. ಒಳಗೆ ಹೋಗಿಬಿಡುತ್ತಾರೆ, ಇನ್ನು ವ್ಯಾನಿನ ಹತ್ತಿರ ಸುಳಿಯುವುದಿಲ್ಲ, ಅಕ್ಕನ ಊರಿನ ದಾರಿ ಇಲ್ಲಿಗೆ ಮುಚ್ಚಿತು ಎಂದುಕೊಂಡೆ. ಆದರೆ ಟೂಲ್‌ರೂಮಿನ ಚಾಳಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. "ಗೇರ್‌ಬಾಕ್ಸಲ್ಲಿ ಎಲ್ಲಿಂದ? ಮುಂದಿನ ಸೀಲಾ, ಹಿಂದಿನ ಸೀಲಾ?" ಎಂದು ಕೇಳಿದರು. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು ಗೇಟು ದಾಟಿದರು.

ಅಂದಿನಿಂದ ನಮ್ಮ ಬೀದಿಯಲ್ಲಿ ಎರಡು ತಿಂಗಳು ಆ ಪದ ಬಿಟ್ಟರೆ ಬೇರೆ ಮಾತಿರಲಿಲ್ಲ. ಹಾಲಿನವನು ಕೂಡ, "ಸಾರ್, ಲೀಕ್ ನಿಂತ್ತಾ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದ. ಇವರೂ ಅಡುಗೆಮನೆಗೆ ಬಂದು, "ನಲ್ಲಿ ಸೋರ್ತಿದೆ ನೋಡು, ವಾಷರ್ ಹಾಕ್ಬೇಕು" ಎನ್ನುವಷ್ಟು ಸಲೀಸಾದರು. ಗಾಡಿಗೆ, ನಲ್ಲಿಗೆ, ಕುಕ್ಕರಿಗೆ ಆ ಪದ ವಾಪಸು ಬಂತು. ತಮ್ಮ ವಿಷಯಕ್ಕೆ ಮಾತ್ರ ಮೊದಲಿನಂತೆಯೇ, "ಸ್ವಲ್ಪ ಬಾತ್‌ರೂಮಿಗೆ ಹೋಗ್ಬರ್ತೀನಿ" ಎನ್ನುವರು. ನಾನೂ ಕೇಳುತ್ತಿರಲಿಲ್ಲ.

ಸಾಮಾನು ತರುವ ಕೆಲಸ ನನ್ನದಾಯಿತು. ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಊಟದ ಬಿಡುವಿನಲ್ಲಿ ಹೋಗುತ್ತಿದ್ದೆ; ಕೈಚೀಲದಲ್ಲಿ ಮೊಸರನ್ನದ ಡಬ್ಬಿ, ಅದರ ಪಕ್ಕದಲ್ಲಿ ಪೇಪರಿನಲ್ಲಿ ಸುತ್ತಿದ ಹಳೆಯ ಕಿಟಕಿ ರಬ್ಬರಿನ ತುಂಡು. ಅಂಗಡಿಯವರು ಅದನ್ನು ಹಿಸುಕಿ ನೋಡಿ, "ಡ್ರೈವರನ್ನ ಕಳ್ಸಿ ಅಮ್ಮಾ, ನಿಮಗೆ ಗೊತ್ತಾಗಲ್ಲ" ಎನ್ನುವರು. ಗುದ್ದಿಸಿಕೊಂಡ ಗಾಡಿಗಳ ಬಿಡಿಭಾಗದ ರೇಟುಗಳನ್ನು ಅಷ್ಟು ವರ್ಷ ಓದಿದವಳು ನಾನು. ಒಂದೆರಡು ಮಾತಾಡಿದ ಮೇಲೆ ಅವರೇ ಸ್ಟೂಲು ಹಾಕಿ ಕೂರಿಸುತ್ತಿದ್ದರು. ಆದರೂ ತಂದ ಸಾಮಾನಿನಲ್ಲಿ ಅರ್ಧಕ್ಕರ್ಧ ತಪ್ಪೇ ಆಗಿರುತ್ತಿತ್ತು, ಮಾರನೆಯ ದಿನ ಮತ್ತೆ ಹೋಗುತ್ತಿದ್ದೆ.

ಇವರೂ ಭಾಯಿಯೂ ಸೇರಿ ನೀರಿನ ಮೇಲೆ ಯುದ್ಧ ಸಾರಿದರು. ಟಾಪಿಗೆ ಡಾಂಬರು ಶೀಟು, ಕಿಟಕಿಗಳಿಗೆ ಹೊಸ ರಬ್ಬರು, ಸಂದಿಗಳಿಗೆಲ್ಲ ಪುಟ್ಟಿ. "ಒಂದ್ ತೊಟ್ಟು ಒಳಗೆ ಬಂದ್ರೆ ಈ ಮೀಸೆ ಬೋಳಿಸ್ಕೋತೀನಿ ಸಾರ್" ಎಂದ ಭಾಯ್. ಇವರಿಗೆ ಅಷ್ಟೂ ಸಾಲದು. ಟಾರ್ಚು ಹಿಡಿದು ವ್ಯಾನಿನ ಕೆಳಗೆ ಅಂಗಾತ ಮಲಗಿ, ಕಂಡ ಕಂಡ ತೂತನ್ನೆಲ್ಲ ಹುಡುಕಿ ಹುಡುಕಿ ಮುಚ್ಚಿಸಿದರು. ಬಾಗಿಲುಗಳ ತಳದಲ್ಲಿದ್ದ ಸೀಳುಗಳು, ನೆಲದ ಹಲಗೆಯ ಅಂಚಿನ ರಂಧ್ರಗಳು, ಒಂದೂ ಉಳಿಯಲಿಲ್ಲ. ಅಷ್ಟು ಛಲದಿಂದ ಅವರು ಕಾರ್ಖಾನೆಯಲ್ಲೂ ಕೆಲಸ ಮಾಡಿರಲಾರರು.

ಜುಲೈ ಮಳೆಗೆ ಟಾಪಿನಿಂದ ಒಂದು ಹನಿಯೂ ಬೀಳಲಿಲ್ಲ. ಮೀಸೆ ಉಳಿಯಿತು, ಇವರು ಬೀಗಿದರು. ಆದರೆ ಕೆಲವು ವಾರಗಳಲ್ಲಿ ಹಾಲಿನ ವಾಸನೆಗಿಂತ ಕೆಟ್ಟದಾದ ವಾಸನೆಯೊಂದು ಶುರುವಾಯಿತು. ಬಾಗಿಲು ಎಳೆದರೆ ಒಳಗೆ ಎಳನೀರು ಕುಲುಕಿದ ಹಾಗೆ ಸದ್ದು. ಮಂಚದ ಕೆಳಗಿನ ಹಲಗೆಗೆ ಬೆರಳಿಟ್ಟರೆ ಬೆರಳು ಒಳಗೇ ಹೋಯಿತು. ಭಾಯ್ ಬಂದು ನೋಡಿ ತಲೆ ಕೆರೆದುಕೊಂಡ.

"ಕಿಟಕಿ ಗ್ಲಾಸ್ ಪಕ್ಕದಿಂದ ನೀರು ಡೋರ್ ಒಳಕ್ಕೆ ಹೋಗೇ ಹೋಗುತ್ತೆ ಸಾರ್. ಕೆಳಗಿನ ಹೋಲಿಂದ ಆಚೆ ಬಂದ್‌ಬಿಡುತ್ತೆ. ಅದಕ್ಕೇ ಕಂಪ್ನಿಯವ್ರು ಹೋಲ್ ಬಿಟ್ಟಿರ್ತಾರೆ."

"ಮತ್ತೆ ಯಾಕ್ರೀ ಮುಚ್ಚಿದ್ರಿ?" ಎಂದು ಇವರು ಕೇಳಿದರು.

"ನೀವೇ ಹೇಳಿದ್ರಲ್ಲಾ ಸಾರ್, ಒಂದ್ ತೂತೂ ಬಿಡಬೇಡ ಅಂತ!"

ಇವರು ಒಳಗಿನಿಂದ ಡ್ರಿಲ್ಲು ತಂದರು. ಭಾಯಿಗೆ ಕೊಡದೆ ತಾವೇ ಒಂದೊಂದು ತೂತನ್ನೂ ಮತ್ತೆ ತೆರೆದರು. ಕೊಳೆತ ನೀರು ಬಳಬಳ ಇಳಿದು ನಮ್ಮ ಗೇಟಿನಿಂದ ಮೋರಿಯ ತನಕ ಹರಿಯಿತು. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ಇವರಿಗೆ ಅದರ ಪರಿವೆಯೇ ಇರಲಿಲ್ಲ. ನೀರು ಪೂರ್ತಿ ಇಳಿಯುವ ತನಕ ನೋಡುತ್ತ ನಿಂತಿದ್ದು, "ಬಿಟ್ಟಿರೋ ದಾರಿ ಕಣೇ ಇದು. ಮುಚ್ಚಿದ್ರೆ ಒಳಗೊಳಗೇ ಕೊಳೆಯುತ್ತೆ" ಎಂದರು. ಗಾಡಿಯ ವಿಷಯವೇ ಇರಬೇಕೆಂದುಕೊಂಡು ನಾನು ಹೆಚ್ಚು ಕೇಳಲಿಲ್ಲ.

ಇನ್ನು ಓಡಿಸುವ ಪ್ರಶ್ನೆ. ಇವರಿಗೆ ಲೈಸೆನ್ಸಿತ್ತು, ಆದರೆ ಆ ವ್ಯಾನಿನ ಸ್ಟಿಯರಿಂಗ್ ಚಕ್ರ ಸರಿಯಾಗಿ ಚೀಲದ ಮೇಲೇ ಒತ್ತುತ್ತಿತ್ತು. ಬೇರೆ ದಾರಿಯಿಲ್ಲದೆ ನಾನು ಇಂದಿರಾನಗರದ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಪಾಠದ ಕಾರು ಬೆಕ್ಕಿನ ಮರಿಯಷ್ಟು, ಮನೆಯ ವ್ಯಾನು ಎಮ್ಮೆಯಷ್ಟು. "ಗಾಡಿಗೆ ಹೆದರ್ಕೋಬೇಡಿ ಅಮ್ಮಾ, ಆಟೋಗೆ ಹೆದರ್ಕೊಳ್ಳಿ" ಎಂದು ಭಾಯ್ ಧೈರ್ಯ ಹೇಳಿದ. ಮೊದಲ ವಾರವೇ ರಿವರ್ಸ್ ತೆಗೆಯುತ್ತ ಪಕ್ಕದ ಮನೆಯ ಕಾಂಪೌಂಡಿಗೆ ಗುದ್ದಿದೆ. ಕಾಂಪೌಂಡು ತನ್ನ ಪಾಡಿಗೆ ತಾನು ನಿಂತಿತ್ತೆಂದು ನಾನು ಒಪ್ಪಲೇಬೇಕಾಯಿತು.

ಲೈಸೆನ್ಸು ಕೈಗೆ ಬರುವ ಹೊತ್ತಿಗೆ ಆ ವರ್ಷದ ಗೌರಿ ಹಬ್ಬ ಬಂತು. ನಸುಕಿಗೇ ಪೂಜೆ ಮುಗಿಸಿ, ಮೊರದ ಬಾಗಿನವನ್ನು ವ್ಯಾನಿನ ಮಂಚದ ಮೇಲಿಟ್ಟೆ. ಇವರು ಇಸ್ತ್ರಿ ಶರ್ಟಿನಲ್ಲಿ ಬಂದು ನನ್ನ ಪಕ್ಕದಲ್ಲಿ ಕೂತರು. ಹಳೇ ಮದ್ರಾಸು ರಸ್ತೆಗೆ ಬಂದೆವು. ಸಣ್ಣಗೆ ಮಳೆ. ಕೆ.ಆರ್. ಪುರದ ಹತ್ತಿರ ಲಾರಿ, ಬಸ್ಸು, ಸಂತೆಗೆ ಹೂವು ಹೊತ್ತ ಟೆಂಪೋ ಎಲ್ಲ ಸಿಕ್ಕಿಕೊಂಡು ನಿಂತಿದ್ದವು. ನಾನು ಕ್ಲಚ್ಚು ಒತ್ತುತ್ತ ಬಿಡುತ್ತ ಅಂಗುಲ ಅಂಗುಲವಾಗಿ ಮುಂದೆ ಸರಿಸುತ್ತಿದ್ದೆ.

"ಪಕ್ಕಕ್ಕೆ ಹಾಕು. ಲೀಕ್ ಆಗ್ತಿದೆ" ಎಂದರು.

ಹೇಗೋ ಒಂದು ಟೀ ಅಂಗಡಿಯ ಪಕ್ಕಕ್ಕೆ ತಿರುಗಿಸಿ, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಕೆಸರಿನಲ್ಲಿ ಬಗ್ಗಿ ವ್ಯಾನಿನ ಕೆಳಗೆ ನೋಡಿದೆ. ಎಣ್ಣೆಯಿಲ್ಲ, ರೇಡಿಯೇಟರಿನ ನೀರಿಲ್ಲ.

"ಏನೂ ಇಲ್ವಲ್ರೀ!"

ಇವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ವ್ಯಾನ್ ಅಲ್ಲ ಕಣೇ. ನಾನು" ಎಂದರು.

ಹಾಗೆಂದವರೇ ಹಿಂದಿನ ಗೂಡಿಗೆ ಹೋಗಿ ಬಾಗಿಲು ಹಾಕಿಕೊಂಡರು. ಹಿಂದೆ ಹಾರ್ನುಗಳ ಸದ್ದು, ಟೀ ಅಂಗಡಿಯವನು, "ಏನಾಯ್ತಮ್ಮಾ ಗಾಡಿಗೆ?" ಎಂದು ಕೇಳಿದ. "ಸಣ್ಣ ರಿಪೇರಿ" ಎಂದೆ. ಸ್ವಲ್ಪ ಹೊತ್ತಿಗೆ ಇವರು ಬೇರೆ ಶರ್ಟು ಹಾಕಿಕೊಂಡು, ಸೋಪಿನಲ್ಲಿ ತೊಳೆದ ಕೈ ಒರೆಸಿಕೊಳ್ಳುತ್ತ ಬಂದು ಕೂತು, "ಹೂಂ, ಹೊರಡು" ಎಂದರು. ನಾನು ಗೇರು ಹಾಕಿದೆ. ನನಗಂತೂ ಆಗಲೇ ಊರು ಮುಟ್ಟಿದಷ್ಟು ಖುಷಿಯಾಗಿತ್ತು.

ಊರು ಮುಟ್ಟಿದಾಗ ಆ ಖುಷಿ ಇಳಿಯಿತು. ಅಕ್ಕನ ಮನೆ ಮುಂದೆ ವ್ಯಾನು ನಿಲ್ಲಿಸಿದೆ. ಒಳಗಿನಿಂದ ನೆಂಟರ ಮಾತು, ನಗು ಕೇಳುತ್ತಿತ್ತು. ಇವರು ಸೀಟಿನಿಂದ ಎದ್ದು ಹಿಂದಿನ ಮಂಚದ ಮೇಲೆ ಹೋಗಿ ಕೂತರು. "ನೀನು ಹೋಗಿ ಬಾಗಿನ ಕೊಟ್ಬಾ. ನಾನು ಇಲ್ಲೇ ಇರ್ತೀನಿ" ಎಂದರು. ಇಷ್ಟೆಲ್ಲ ಮಾಡಿ ಇಲ್ಲಿ ತನಕ ಬಂದ ಮೇಲೆ! ನನಗೆ ಸಿಟ್ಟು ನೆತ್ತಿಗೇರಿತು. ಬಾಗಿನವನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಇಳಿದು ಹೋದೆ.

ಅಕ್ಕ ಬಾಗಿಲಲ್ಲೇ ಇದ್ದರು. ನನ್ನನ್ನು ನೋಡಿ, ನನ್ನ ಹಿಂದೆ ನೋಡಿದರು. "ಅವ್ನು ಬರ್ಲಿಲ್ವೇನಮ್ಮಾ?" "ವ್ಯಾನಲ್ಲಿದಾರೆ ಅಕ್ಕ, ಇಳೀತಿಲ್ಲ" ಎಂದೆ. ಅಕ್ಕ ಕೈಯಲ್ಲಿದ್ದ ಅರಿಶಿನ ಕುಂಕುಮದ ತಟ್ಟೆಯನ್ನು ಹೊಸಿಲಿನ ಪಕ್ಕ ಇಟ್ಟು, ಬರಿಗಾಲಲ್ಲಿ ಕೆಸರು ತುಳಿದುಕೊಂಡು ಬಂದು, ಬಾಗಿಲು ಹಿಡಿದು ವ್ಯಾನು ಹತ್ತಿದರು. ನಾನು ಹಿಂದೆಯೇ ಹೋದೆ. ಒಳಗಿನ ಒಲೆ, ಸಿಂಕು, ಪರದೆ ಯಾವುದರ ಮೇಲೂ ಆಕೆಯ ಕಣ್ಣು ಹೋಗಲಿಲ್ಲ.

"ಇನ್ನೂ ಕೋಪ ಹೋಗಿಲ್ವೇನೋ?"

"ಯಾವ ಕೋಪ?" ಎಂದರು ಇವರು.

"ಆಸ್ಪತ್ರೆಗೆ ನೋಡಕ್ಕೆ ಬರ್ಲಿಲ್ಲ ಅಂತ. ಸೊಸೆ ಹಸಿ ಬಾಣಂತಿ ಕಣೋ, ಹೆಂಗೆ ಬಿಟ್ಬರ್ಲಿ? ಮೂರು ಹಬ್ಬ, ಪೋಸ್ಟ್‌ಮ್ಯಾನ್ ಕೈಲಿ ತವರು ಕಳಿಸ್ದೆ ನೀನು. ದುಡ್ಡು ತೊಗೊಂಡು ಸೈನ್ ಹಾಕೋವಾಗೆಲ್ಲ ಅತ್ತಿದೀನಿ."

ಇವರು ಶರ್ಟಿನ ಕೆಳಗಿನ ಗುಂಡಿಗಳನ್ನು ಬಿಚ್ಚಿ, ಬನಿಯನ್ ಎತ್ತಿ ತೋರಿಸಿದರು. ಅಕ್ಕ ಬಗ್ಗಿ ನೋಡಿದರು. ಆ ಮುಖದಲ್ಲಿ ನಾನು ಹೆದರಿದ್ದ ಯಾವ ಭಾವವೂ ಕಾಣಲಿಲ್ಲ.

"ನೋಯುತ್ತಾ?"

"ಇಲ್ಲ."

"ಇದಕ್ಕಾ ಬರ್ಲಿಲ್ಲ?"

ಇವರು ತಲೆ ತಗ್ಗಿಸಿ ಹೂಂಗುಟ್ಟಿದರು.

"ಚಿಕ್ಕೋನಿದ್ದಾಗ ನಿನ್ನ ಹೇಲು ಬಾಚಿ, ಬಟ್ಟೆ ಒಗೆದಿದ್ದು ಯಾರು? ಅಮ್ಮ ಹೊಲಕ್ಕೆ ಹೋಗ್ತಿದ್ಲು. ನಾನು ಕಣೋ, ನಾನು. ನನ್ನ ಹತ್ರ ನಾಚಿಕೆ ಪಡ್ತೀಯಾ ನೀನು?" ಎಂದು ಇವರ ಬೆನ್ನಿಗೊಂದು ಗುದ್ದು ಕೊಟ್ಟು, ಬನಿಯನ್ ಕೆಳಗೆಳೆದು, ಶರ್ಟಿನ ಗುಂಡಿಗಳನ್ನು ಒಂದೊಂದಾಗಿ ತಾವೇ ಹಾಕಿದರು. "ಇಳಿ ಈಗ. ಒಬ್ಬಟ್ಟು ಆರ್ತಾ ಇದೆ."

ಇವರು ಮೊರದ ಬಾಗಿನ ಎತ್ತಿಕೊಂಡು ಅಕ್ಕನ ಹಿಂದೆ ಇಳಿದು, ನೆಂಟರ ನಡುವೆ ನಡೆದು ಒಳಗೆ ಹೋದರು. ನಾನು ವ್ಯಾನಿಗೆ ಬೀಗ ಹಾಕಿ ಬರುತ್ತೇನೆಂದು ಹಿಂದೆ ಉಳಿದು, ಮಂಚದ ಮೇಲೆ ಕೂತು ಮನಸಾರೆ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಊಟಕ್ಕೆ ಹೋದೆ.